ಸರಕು ಲಾರಿಗಳಿಗೆ ಬಯೋಡೀಸೆಲ್: ನನ್ನ ಅನುಭವ

ಸರಕು ಲಾರಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವಕ್ಕೆ ಬಯೋಡೀಸೆಲ್, ಅಂದರೆ ಗಿಡಗಳ ಎಣ್ಣೆಯಂಥವುಗಳಿಂದ ಮಾಡಿದ ಇಂಧನ, ಹಾಕೋಣ ಅಂದಾಗ ಎಲ್ಲರೂ ಇಂಜಿನ್ ಏನಾಗುತ್ತದೋ ಅಂತಲೇ ಕೇಳಿದರು. ನಾನು ಮೊದಲು ನೋಡಿದ್ದು ಟ್ಯಾಂಕನ್ನು.

ಶುರು ಮಾಡಿದ್ದು ಬಿ20ಯಿಂದ. ಅಂದರೆ 20 ಪಾಲು ಬಯೋಡೀಸೆಲ್, ಉಳಿದ 80 ಪಾಲು ಮಾಮೂಲಿ ಡೀಸೆಲ್. ಇಂಜಿನ್ ಕಂಪನಿ ಇದಕ್ಕೆ ಒಪ್ಪುತ್ತದೆಯೇ ಅಂತ ಲಾರಿಯ ಕೈಪಿಡಿಯಲ್ಲಿ ಮೊದಲೇ ನೋಡಿಕೊಂಡಿದ್ದೆ. ಹಳೇ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಗಸಿಯನ್ನು ಬಯೋಡೀಸೆಲ್ ಕರಗಿಸಿ ಎಬ್ಬಿಸುತ್ತದೆ. ಅದೆಲ್ಲ ಬಂದು ಸಿಕ್ಕಿಕೊಳ್ಳುವುದು ಫಿಲ್ಟರ್‌ನಲ್ಲಿ. ಬಿಚ್ಚಿ ನೋಡಿದರೆ ಕಾಗದದ ಮಡಿಕೆಗಳ ತುಂಬ ಕಪ್ಪು ಜಿಡ್ಡು. ಲೋಡ್ ಹೊತ್ತ ಲಾರಿ ಏರಿನಲ್ಲಿ ಪಿಕಪ್ ಕಳೆದುಕೊಂಡರೆ ಸುಮ್ನೆ ಇಂಧನವನ್ನು ಬೈಯಬೇಡಿ, ಫಿಲ್ಟರ್ ನೋಡಿ. ನಾವು ಟ್ಯಾಂಕ್‌ಗಳನ್ನು ಮೊದಲೇ ತೊಳೆಸಿದೆವು. ಡ್ರೈವರ್‌ಗಳ ಕೈಗೆ ಒಂದೊಂದು ಸ್ಪೇರ್ ಫಿಲ್ಟರ್ ಕೊಟ್ಟು ಕಳಿಸಿದೆವು. ಹಳೇ ಲಾರಿಗಳ ರಬ್ಬರ್ ಪೈಪು, ಸೀಲುಗಳ ಮೇಲೂ ಕಣ್ಣಿಡಬೇಕು, ಕೆಲವು ಮೆತ್ತಗಾಗಿ ಜಿನುಗುತ್ತವೆ.

ಆಮೇಲೆ ನೀರು. ಬಯೋಡೀಸೆಲ್ ತೇವವನ್ನು ಜಾಸ್ತಿ ಹೀರುತ್ತದೆ. ನೀರು ನಿಂತರೆ ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ವಾಟರ್ ಸೆಪರೇಟರ್‌ನ ಕೆಳಗಿನ ತಿರುಪು ಸಡಿಲಿಸಿ, ಸ್ವಲ್ಪ ಗಾಜಿನ ಬಾಟಲಿಗೆ ಬಿಟ್ಟು ನೋಡುತ್ತೇವೆ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರೇ. ಹಾಗಾಗಿ ತಿಂಗಳುಗಟ್ಟಲೆ ದಾಸ್ತಾನು ಇಡುವುದನ್ನೂ ಬಿಟ್ಟೆವು.

ಮೈಲೇಜ್? ಶುದ್ಧ ಬಯೋಡೀಸೆಲ್‌ನಲ್ಲಿ ಲೀಟರಿಗೆ ಶೇ. 8ರಷ್ಟು ಶಕ್ತಿ ಕಡಿಮೆ. ಬಿ20ಯಲ್ಲಿ ಶೇ. 1–2 ಅಷ್ಟೇ.

ಚಳಿ ಜಾಸ್ತಿ ಇರುವ ದಾರಿಗಳಲ್ಲಿ ಬಯೋಡೀಸೆಲ್ ಮೇಣದಂತೆ ಗಟ್ಟಿಯಾಗುತ್ತದೆ. ಅಲ್ಲಿಗೆ ಎಚ್‌ವಿಒ ಅನ್ನುವ ಇನ್ನೊಂದು ಇಂಧನ ಒಳ್ಳೆಯದು. ಅದೂ ಎಣ್ಣೆಯಿಂದಲೇ ಆಗುತ್ತದೆ, ಆದರೆ ಹೈಡ್ರೋಜನ್ ಸೇರಿಸಿ ಸಂಸ್ಕರಿಸಿರುವುದರಿಂದ ಡೀಸೆಲ್‌ನಂತೆಯೇ ವರ್ತಿಸುತ್ತದೆ. ಬೆಲೆ ಮಾತ್ರ ಜಾಸ್ತಿ.

ನನಗೆ ಇದೆಲ್ಲಕ್ಕಿಂತ ಮುಖ್ಯವಾದದ್ದು ಎಣ್ಣೆ ಎಲ್ಲಿಂದ ಬಂತು ಅನ್ನುವುದು. ಯಾವ ಎಣ್ಣೆಯಿಂದ ಮಾಡಿದರೂ ಹೊಗೆ ಕೊಳವೆಯಿಂದ ಇಂಗಾಲದ ಡೈಆಕ್ಸೈಡ್ ಬಂದೇ ಬರುತ್ತದೆ. ಗಿಡ ಈಚೆಗೆ ಗಾಳಿಯಿಂದ ಹೀರಿದ್ದ ಇಂಗಾಲವೇ ವಾಪಸ್ ಹೋಗುತ್ತದೆ ಅನ್ನುವುದರಲ್ಲಿ ಲಾಭ ಇರುವುದು. ಕಾಡು ಕಡಿದು ತಾಳೆ ಬೆಳೆದು ಮಾಡಿದ ಇಂಧನವಾದರೆ ಆ ಲಾಭವೇ ಮಣ್ಣುಪಾಲು, ಅಲ್ವಾ? ಅದಕ್ಕೇ ಬಳಸಿದ ಅಡುಗೆ ಎಣ್ಣೆಯಿಂದ ಮಾಡಿದ್ದೇ ಬೇಕು ಅಂತ ಹಟ ಹಿಡಿದೆ. ಪ್ರತಿ ಲೋಡಿಗೂ ಮೂಲದ ದಾಖಲೆ ಕೇಳುತ್ತೇನೆ. ಅಂಥ ಎಣ್ಣೆ ಸಿಗುವುದು ಕಡಿಮೆ. ಆದ್ದರಿಂದ ಊರೊಳಗಿನ ಸಣ್ಣ ಓಡಾಟಕ್ಕೆ ಎಲೆಕ್ಟ್ರಿಕ್ ಗಾಡಿ ತಂದು, ಈ ಇಂಧನವನ್ನು ದೂರದ ಭಾರೀ ಲೋಡುಗಳಿಗೆ ಮೀಸಲಿಡುತ್ತಿದ್ದೇವೆ.