ಯೆರೆವಾನ್‌ನಿಂದ ಗ್ಯುಮ್ರಿಗೆ: ಒಂದು ದಿನದಲ್ಲಿ ಹೋಗಿಬರೋದು ಹೇಗೆ

ಮಗಳು ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಅವಳನ್ನು ನೋಡೋಕೆ ದಾವಣಗೆರೆಯಿಂದ ಹೋದಾಗ ಎರಡು ಸಲ ಆ ದೇಶದ ಎರಡನೇ ದೊಡ್ಡ ಊರು ಗ್ಯುಮ್ರಿಗೆ ಹೋಗಿಬಂದೆ. ಮೊದಲ ಸಲ ಮಾಡಿದ ತಪ್ಪು ನೀವು ಮಾಡಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವೆಟರ್. ಯೆರೆವಾನ್‌ನಲ್ಲಿ ಬಿಸಿಲಿದ್ದರೂ ನಂಬಬೇಡಿ. ಗ್ಯುಮ್ರಿ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಗಾಳಿ ಕೊರೆಯುತ್ತದೆ.

ಸಾಸುನ್ತ್ಸಿ ದಾವಿತ್ ಮೆಟ್ರೋ ಹತ್ತಿರದ ಸ್ಟೇಷನ್ನಿಂದ ರೈಲು ಹಿಡಿಯಿರಿ. ಫಾಸ್ಟ್ ರೈಲಾದರೆ ಸುಮಾರು ಎರಡು ಗಂಟೆ, ನಿಧಾನದ್ದಾದರೆ ಮೂರು. ಸೋಮವಾರ ಬೇಡ, ಮ್ಯೂಸಿಯಂಗಳಿಗೆ ರಜೆ ಇರೋದೇ ಜಾಸ್ತಿ.

ಇಳಿದ ಮೇಲೆ ಸೀದಾ ವರ್ದಾನಾಂಟ್ಸ್ ಚೌಕಕ್ಕೆ ನಡೆಯಿರಿ. ಅಲ್ಲಿ ಯೊತ್ ವೆರ್ಕ್ ಚರ್ಚ್ ಇದೆ. ನಾನು ಮೊದಲ ಸಲ ಒಳಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದುಬಿಟ್ಟೆ. ನೋಡಬೇಕಾದದ್ದು ಹೊರಗೇ ಇತ್ತು. ಎರಡು ಗೋಪುರದ ತುದಿಗಳು ನೆಲದ ಮೇಲೆ ಕೂತಿವೆ. 1988ರ ಡಿಸೆಂಬರ್ 7, ಬೆಳಿಗ್ಗೆ 11:41ಕ್ಕೆ ಭೂಕಂಪವಾದಾಗ ಮೇಲಿನಿಂದ ಬಿದ್ದವು. ಎತ್ತಿ ಸಾಗಿಸದೆ ಹಾಗೇ ಉಳಿಸಿಕೊಂಡಿದ್ದಾರೆ. ಹತ್ತಿರ ಹೋಗಿ ನಿಲ್ಲಿ. ಕೆಳಗಿನಿಂದ ನೋಡಿದರೆ ಆಟಿಕೆಯಷ್ಟು ಕಾಣುವ ತುದಿ, ಪಕ್ಕದಲ್ಲಿ ನಿಂತರೆ ನಮಗಿಂತ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಆ ಭೂಕಂಪದಲ್ಲಿ ಸುತ್ತಲ ಊರುಗಳೂ ಸೇರಿ ಸುಮಾರು 25,000 ಜನ ತೀರಿಹೋದರು. ಆಗ ಊರಿನ ಹೆಸರು ಲೆನಿನಾಕಾನ್.

ಆಮೇಲೆ ಹಳೇ ಪೇಟೆ ಕುಮಾಯ್ರಿ ಸುತ್ತಿ. ಕಪ್ಪು, ಕೆಂಪು ಟಫ್ ಕಲ್ಲಿನ ಮನೆಗಳು. ಜ್ವಾಲಾಮುಖಿ ಬೂದಿಯಿಂದ ಆದ ಕಲ್ಲು ಇದು, ಹಗುರ, ಕೆತ್ತೋದೂ ಸುಲಭ. 1872ರ ಕೆಂಪು ಕಲ್ಲಿನ ಜಿತೊಘ್ತ್ಸ್ಯಾನ್ ಮನೆ ಈಗ ಮ್ಯೂಸಿಯಂ. ಬಾಯಾರಿದರೆ ಬಾಟಲ್ ಕೊಳ್ಳಬೇಡಿ, ಬೀದಿಯಲ್ಲಿ ಪುಲ್‌ಪುಲಾಕ್ ಅನ್ನೋ ಕಲ್ಲಿನ ನಲ್ಲಿ ಇರುತ್ತದೆ. ಬಗ್ಗಿ ಚಿಮ್ಮೋ ನೀರಿಗೆ ಬಾಯಿ ಒಡ್ಡಿ ಕುಡಿಯೋದು, ಮುಖ ನೆನೆಯುತ್ತದೆ, ಪರವಾಗಿಲ್ಲ. ಗುಡ್ಡದ ಮೇಲಿನ ಕಪ್ಪು ಕೋಟೆಗೆ ಕಾಲಲ್ಲಿ ಬಲವಿದ್ದರೆ ಹೋಗಿ. ನನಗಿರಲಿಲ್ಲ.

ಊಟಕ್ಕೆ ಕೂತಾಗ ನಮ್ಮಂಥ ಸಸ್ಯಾಹಾರಿಗಳು ಒಂದು ಮಾತು ಕಲಿತಿರಬೇಕು: 'ಮಿಸ್ ಚೆಮ್ ಉತುಮ್', ಮಾಂಸ ತಿನ್ನಲ್ಲ ಅಂತ. 'ಮಿಸ್' ನಮ್ಮ 'ಮಾಂಸ'ದ ದೂರದ ನೆಂಟ. ಆಮೇಲೆ ಪನಿರ್‌ಖಾಶ್ ಕೇಳಿ. ಒಣಗಿದ ಲವಾಶ್ ರೊಟ್ಟಿ, ಅದರ ಮೇಲೆ ದಾರದ ಹಾಗೆ ಬಿಡಿಸಿದ ಚೆಚಿಲ್ ಚೀಸ್, ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ಹೀಗೇ ಪದರ ಪದರ ಇಟ್ಟು ಮೇಲೆ ಕುದಿಯೋ ನೀರು ಸುರಿಯುತ್ತಾರೆ. ದಾವಣಗೆರೆಯವಳಿಗೂ ಬೆಣ್ಣೆ ಕಮ್ಮಿ ಅನಿಸಲಿಲ್ಲ ಅಂದ್ರೆ ಲೆಕ್ಕ ಹಾಕಿ.

ವಾಪಸ್ ಟಿಕೆಟ್ ಮಾತ್ರ ಬೆಳಿಗ್ಗೆಯೇ ತಗೊಳ್ಳಿ. ನಾವು ಸಂಜೆ ಹೋದೆವು, ಸೀಟಿಲ್ಲ ಅಂದರು. ಕೊನೆಗೆ ಮಾರ್ಶ್ರುತ್ಕಾ ವ್ಯಾನಿನ ಹಿಂದಿನ ಸೀಟು, ಕಾಲ ಕೆಳಗೆ ಯಾರದೋ ಆಲೂಗಡ್ಡೆ ಚೀಲ. ಯೆರೆವಾನ್ ಬರೋವರೆಗೂ ನನ್ನ ಮೊಣಕಾಲು ಗಲ್ಲಕ್ಕೆ ತಾಗಿಕೊಂಡೇ ಇತ್ತು.