ಹೈಬ್ರಿಡ್ ಬೇಕೇ, ಪೆಟ್ರೋಲ್ ಸಾಕೇ? ಬುಕಿಂಗ್‌ಗೆ ಮುನ್ನ ನಿಮ್ಮ ದಾರಿಯ ಲೆಕ್ಕ ಹಾಕಿ

ತಲಪಾಡಿಯಿಂದ ಚೆಂಗಳದವರೆಗೆ ಷಟ್ಪಥ ಹೆದ್ದಾರಿ ಬಂದ ಮೇಲೆ ಗಡಿನಾಡು ಕಾಸರಗೋಡಿನಲ್ಲಿ ಕಾರು ಕೊಳ್ಳುವವರ ಲೆಕ್ಕ ಬದಲಾಗಿದೆ. ಶೋರೂಮಿನ ಮಾತು ಮಾತ್ರ ಬದಲಾಗಿಲ್ಲ. ಅಲ್ಲಿ ಈಗಲೂ ಮೊದಲು ಕಿವಿಗೆ ಬೀಳುವುದು ‘ಲೀಟರಿಗೆ 28 ಕಿಲೋಮೀಟರ್’ ಎಂಬ ಅಂಕಿ. ಅದು ಸುಳ್ಳಲ್ಲ, ಪ್ರಯೋಗಾಲಯದ ಪರೀಕ್ಷೆಯಲ್ಲಿ ಬಂದದ್ದೇ. ಆದರೆ ಪೆಟ್ರೋಲ್ ಎಂಜಿನ್ ಜತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರಿನ ಲಾಭ ನಿಂತಿರುವುದು ಕಾರಿಗಿಂತ ಹೆಚ್ಚಾಗಿ ನೀವು ಓಡಿಸುವ ರಸ್ತೆಯ ಮೇಲೆ. ಉಪ್ಪಳದಿಂದ ನಿತ್ಯ ಮಂಗಳೂರಿಗೆ ಹೋಗಿಬರುವವರಿಗೂ ಮುಳ್ಳೇರಿಯದಲ್ಲಿ ತೋಟ ನೋಡಿಕೊಂಡಿರುವವರಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ.

ಮೊದಲು ಯಾವುದು ಯಾವುದೆಂದು ಬಿಡಿಸಿಕೊಳ್ಳಿ

ಹಿಂಬದಿಯಲ್ಲಿ ‘ಹೈಬ್ರಿಡ್’ ಎಂಬ ಸ್ಟಿಕರ್ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಮೈಲ್ಡ್ ಹೈಬ್ರಿಡ್‌ನಲ್ಲಿ ಇರುವುದು ಎಂಜಿನ್ನಿಗೆ ಸ್ವಲ್ಪ ಒತ್ತಾಸೆ ಕೊಡುವ ಒಂದು ಚಿಕ್ಕ ಮೋಟಾರು ಮಾತ್ರ. ಬರೀ ಕರೆಂಟಿನಲ್ಲಿ ಅದರ ಚಕ್ರ ತಿರುಗುವುದಿಲ್ಲ. ಲೆಕ್ಕ ಹಾಕುವಾಗ ಅದನ್ನು ಪೆಟ್ರೋಲ್ ಕಾರೆಂದೇ ತಿಳಿಯಿರಿ.

ಸ್ಟ್ರಾಂಗ್ ಹೈಬ್ರಿಡ್ ಬೇರೆಯೇ ಯಂತ್ರ. ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾ ಹೈರೈಡರ್‌ಗಳಲ್ಲಿ (ಎರಡೂ 2022ರಲ್ಲಿ ಬಂದವು) 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್ ಜತೆಗೆ ಸುಮಾರು 80 ಅಶ್ವಶಕ್ತಿಯ ಮೋಟಾರು ಮತ್ತು 0.76 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಇವೆ. ಇವಕ್ಕೆ ಪ್ಲಗ್ ಇಲ್ಲ. ಬ್ರೇಕ್ ಒತ್ತಿದಾಗ ಮತ್ತು ಎಂಜಿನ್ ಓಡುವಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ.

ಪ್ಲಗ್-ಇನ್ ಹೈಬ್ರಿಡ್‌ನಲ್ಲಿ ಬ್ಯಾಟರಿ ಇದರ ಹತ್ತಿಪ್ಪತ್ತು ಪಟ್ಟು ದೊಡ್ಡದು, 10ರಿಂದ 20 ಯೂನಿಟ್. ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಮರುದಿನ 40ರಿಂದ 80 ಕಿ.ಮೀ. ಪೆಟ್ರೋಲ್ ಮುಟ್ಟದೆ ಓಡಬಹುದು, ಆಮೇಲೆ ಎಂಜಿನ್ ಕೈಹಿಡಿಯುತ್ತದೆ. ಗಲ್ಫ್‌ನಲ್ಲಿ ಇಂಥ ಕಾರು ನೋಡಿದವರು ‘ಊರಿಗೂ ಇದೇ ಇರಲಿ’ ಎನ್ನುವುದುಂಟು. ಆದರೆ ನಮ್ಮಲ್ಲಿ ಪ್ಲಗ್-ಇನ್ ಎಂದರೆ ಸದ್ಯಕ್ಕೆ ಬಿಎಂಡಬ್ಲ್ಯೂ ಎಕ್ಸ್‌ಎಂ, ರೇಂಜ್ ರೋವರ್‌ನಂಥ ಕೋಟಿಯ ಕಾರುಗಳೇ. ಅಲ್ಲಿಯ ಎಡಗಡೆ ಸ್ಟಿಯರಿಂಗ್ ಕಾರನ್ನು ತಂದು ಇಲ್ಲಿ ನೋಂದಣಿ ಮಾಡಿಸಲೂ ಆಗುವುದಿಲ್ಲ. ಹಾಗಾಗಿ ಇಂದು ನಿಜವಾದ ಆಯ್ಕೆ ಇರುವುದು ಸ್ಟ್ರಾಂಗ್ ಹೈಬ್ರಿಡ್ ಮತ್ತು ಪೆಟ್ರೋಲ್ ಕ್ರಾಸ್‌ಓವರ್‌ಗಳ (ಎಸ್‌ಯುವಿಯಂಥ ಎತ್ತರದ ಕಾರುಗಳ) ನಡುವೆ. ಆದರೂ ಪ್ಲಗ್-ಇನ್‌ನ ಲೆಕ್ಕವನ್ನು ಮುಂದೆ ಕೊಟ್ಟಿದ್ದೇವೆ, ಏಕೆಂದರೆ ಪೂರ್ತಿ ಎಲೆಕ್ಟ್ರಿಕ್ ಕಾರು ನೋಡುವವರಿಗೂ ಅದೇ ಲೆಕ್ಕ ಬೇಕು.

ಹೆಜ್ಜೆ 1: ಒಂದು ತಿಂಗಳ ಓಡಾಟ ಬರೆದಿಡಿ

ಈಗಿರುವ ಕಾರಿನಲ್ಲೋ ಬೈಕಿನಲ್ಲೋ ಒಂದು ತಿಂಗಳು ಹೋದದ್ದನ್ನೆಲ್ಲ ಮೂರು ಭಾಗ ಮಾಡಿ ಬರೆಯಿರಿ: ಷಟ್ಪಥದಲ್ಲಿ ಎಷ್ಟು, ಪೇಟೆ ಮತ್ತು ಒಳರಸ್ತೆಯಲ್ಲಿ ಎಷ್ಟು, ಘಟ್ಟದ ಕಡೆ ಎಷ್ಟು.

ಈ ವಿಂಗಡಣೆಗೆ ಕಾರಣವಿದೆ. ಗಂಟೆಗೆ 50 ಕಿ.ಮೀ. ಒಳಗೆ, ನಿಂತು ಹೊರಟು, ತಿರುವಿನಲ್ಲಿ ಬ್ರೇಕ್ ಹಾಕಿ ಸಾಗುವ ದಾರಿಯಲ್ಲಿ ಸ್ಟ್ರಾಂಗ್ ಹೈಬ್ರಿಡ್ ಮೇಲಿಂದ ಮೇಲೆ ಎಂಜಿನ್ ನಿಲ್ಲಿಸಿ ಮೋಟಾರಿನಲ್ಲಿ ಓಡುತ್ತದೆ. ಬದಿಯಡ್ಕ, ಪೆರ್ಲ ಕಡೆಯ ರಸ್ತೆ, ತೊಕ್ಕೊಟ್ಟು–ಪಂಪ್‌ವೆಲ್ ನಡುವಿನ ಸಂಜೆಯ ದಟ್ಟಣೆ ಎಲ್ಲ ಅದಕ್ಕೆ ಒಗ್ಗುವಂಥವು. ಎಸಿಯ ಕಂಪ್ರೆಸರ್ ಕೂಡ ಕರೆಂಟಿನದ್ದೇ ಆದ್ದರಿಂದ ಕಾರು ನಿಂತಾಗ ಎಂಜಿನ್ ಇಲ್ಲದೆಯೇ ತಂಪು ಬರುತ್ತಿರುತ್ತದೆ. ಅದೇ ಕಾರು ಷಟ್ಪಥದಲ್ಲಿ 100ರ ವೇಗ ಹಿಡಿದರೆ ಗಾಳಿಯ ತಡೆಯನ್ನು ಮೀರಲು ಎಂಜಿನ್ ಬಹುಪಾಲು ಓಡುತ್ತಲೇ ಇರಬೇಕು. ಬ್ರೇಕ್ ಹಾಕುವ ಸಂದರ್ಭವೇ ಕಡಿಮೆ, ಹಾಗಾಗಿ ವಾಪಸ್ ಬರುವ ಶಕ್ತಿಯೂ ಕಡಿಮೆ. ರಸ್ತೆ ಚೆನ್ನಾದಷ್ಟೂ ಹೈಬ್ರಿಡ್‌ನ ಮೇಲುಗೈ ಇಳಿಯುತ್ತದೆ.

ಹೆಜ್ಜೆ 2: ಹೆಚ್ಚು ಕೊಟ್ಟ ಹಣ ಎಷ್ಟು ವರ್ಷದಲ್ಲಿ ಹಿಂದೆ ಬರುತ್ತದೆ?

ಒಂದೇ ಮಾದರಿಯ ಆಟೊಮ್ಯಾಟಿಕ್ ಪೆಟ್ರೋಲಿಗೂ ಸ್ಟ್ರಾಂಗ್ ಹೈಬ್ರಿಡ್‌ಗೂ ಆನ್‌ರೋಡ್ ಬೆಲೆಯಲ್ಲಿ 2.5 ಲಕ್ಷ ರೂ. ಅಂತರವಿದೆ ಎಂದಿಟ್ಟುಕೊಳ್ಳಿ. ಪೆಟ್ರೋಲ್ ಲೀಟರಿಗೆ 105 ರೂ. ಎಂದಿರಲಿ. ಒಳರಸ್ತೆ ಹೆಚ್ಚಿರುವ ಓಡಾಟದಲ್ಲಿ ಪೆಟ್ರೋಲ್ ಆಟೊಮ್ಯಾಟಿಕ್ 14, ಹೈಬ್ರಿಡ್ 22 ಕಿ.ಮೀ. ಕೊಡುತ್ತದೆ ಎಂದು ಹಿಡಿಯೋಣ.

ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ವರ್ಷಕ್ಕೆ ಉಳಿಯುವುದು ಸುಮಾರು 312 ಲೀಟರ್, ಅಂದರೆ 32,700 ರೂ. ಹೆಚ್ಚು ಕೊಟ್ಟ ಹಣ ಹಿಂದೆ ಬರಲು ಏಳೂವರೆ ವರ್ಷ ಬೇಕು. ತಿಂಗಳಿಗೆ 2,000 ಕಿ.ಮೀ. ಓಡಿದರೆ ವರ್ಷಕ್ಕೆ 65,000 ರೂ. ಉಳಿದು, ನಾಲ್ಕು ವರ್ಷ ತುಂಬುವ ಮೊದಲೇ ಲೆಕ್ಕ ಚುಕ್ತಾ.

ಈಗ ಅದೇ 2,000 ಕಿ.ಮೀ. ಬಹುಪಾಲು ಷಟ್ಪಥದಲ್ಲೇ ಎಂದಿಟ್ಟುಕೊಳ್ಳಿ. ಪೆಟ್ರೋಲ್ ಕಾರಿನ ಮೈಲೇಜ್ 15.5ಕ್ಕೆ ಏರುತ್ತದೆ, ಹೈಬ್ರಿಡ್‌ನದ್ದು 18.5ಕ್ಕೆ ಇಳಿಯುತ್ತದೆ. ವರ್ಷದ ಉಳಿತಾಯ ಸುಮಾರು 26,000 ರೂ.ಗೆ ಕುಸಿದು, ಹಣ ಹಿಂದೆ ಬರಲು ಒಂಬತ್ತೂವರೆ ವರ್ಷ ಹಿಡಿಯುತ್ತದೆ. ಇಲ್ಲಿಯ ಮೈಲೇಜ್ ಅಂಕಿಗಳು ಲೆಕ್ಕದ ದಾರಿ ತೋರಿಸಲಷ್ಟೇ. ನಿಮ್ಮ ಅಂಕಿ ಹಾಕಿ ಮತ್ತೆ ಮಾಡಿ.

ಇದರ ಪಕ್ಕದಲ್ಲಿ ವಾರಂಟಿಯನ್ನೂ ಇಟ್ಟು ನೋಡಿ. ಟೊಯೊಟಾದ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ತಿಂಗಳಿಗೆ 2,000 ಓಡಿಸುವವರಿಗೆ ಈ ವಾರಂಟಿ ಆರು ವರ್ಷ ಎಂಟು ತಿಂಗಳಿಗೇ ಮುಗಿಯುತ್ತದೆ, ಆದರೆ ಅಷ್ಟರಲ್ಲಿ ಒಳರಸ್ತೆಯವರ ಹಣ ಕೈಸೇರಿರುತ್ತದೆ. ತಿಂಗಳಿಗೆ 1,000 ಓಡಿಸುವವರಿಗೆ ಮಾತ್ರ ಹಣ ಹಿಂದೆ ಬರುವುದೂ ವಾರಂಟಿ ಮುಗಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಅಂಥವರು ಹಣ ಉಳಿಸಲೆಂದು ಹೈಬ್ರಿಡ್ ಕೊಳ್ಳಬಾರದು. ಸದ್ದಿಲ್ಲದ ಸವಾರಿಗಾಗಿ ಕೊಂಡರೆ ಅದು ಬೇರೆ ಮಾತು.

ಹೆಜ್ಜೆ 3: ತೆರಿಗೆಯ ಗೆರೆ ಎಲ್ಲಿದೆ ನೋಡಿ

2025ರ ಸೆಪ್ಟೆಂಬರ್ 22ರಿಂದ 4 ಮೀಟರಿಗಿಂತ ಉದ್ದವಿಲ್ಲದ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18. ಈ ಎರಡರಲ್ಲಿ ಒಂದು ಮೀರಿದರೂ ಶೇ 40. ಟಾಟಾ ನೆಕ್ಸಾನ್ ಪೆಟ್ರೋಲ್, ಮಾರುತಿ ಫ್ರಾಂಕ್ಸ್‌ನಂಥವು ಮೊದಲ ಗುಂಪಿಗೆ ಬರುತ್ತವೆ. ಬ್ರೆಜಾ ಉದ್ದದಲ್ಲಿ ಪಾಸಾದರೂ 1,462 ಸಿಸಿ ಎಂಜಿನ್‌ನಿಂದಾಗಿ ಎರಡನೆಯದಕ್ಕೆ ಸೇರುತ್ತದೆ. ಮೇಲೆ ಹೇಳಿದ ಸ್ಟ್ರಾಂಗ್ ಹೈಬ್ರಿಡ್‌ಗಳೂ ಶೇ 40ರಲ್ಲೇ. ಎಲೆಕ್ಟ್ರಿಕ್‌ಗೆ ಶೇ 5.

ನಾಲ್ಕು ಜನರ ಕುಟುಂಬಕ್ಕೆ 4 ಮೀಟರ್ ಒಳಗಿನ ಕಾರು ಸಾಲುವುದಾದರೆ ಹೈಬ್ರಿಡ್‌ನೊಂದಿಗಿನ ಅಂತರ 2.5 ಲಕ್ಷಕ್ಕೆ ನಿಲ್ಲದು. ಕೇರಳದ ರಸ್ತೆ ತೆರಿಗೆಯೂ ಬೆಲೆ ಏರಿದಂತೆ ಮೇಲಿನ ಹಂತಕ್ಕೆ ಹಾರುತ್ತದೆ. ಮಂಗಳೂರಿನ ಶೋರೂಮಿನಲ್ಲಿ ಕೊಂಡರೂ ನೀವು ಇರುವುದು ಕಾಸರಗೋಡಿನಲ್ಲಾದರೆ ತಾತ್ಕಾಲಿಕ ನೋಂದಣಿಯಲ್ಲಿ ತಂದು ಕೆಎಲ್ 14 ಅಥವಾ ಕೆಎಲ್ 60 ಮಾಡಿಸಬೇಕು. ಆದ್ದರಿಂದ ಕೊಟೇಷನ್ ಕೇಳುವಾಗ ‘ಕೇರಳ ನೋಂದಣಿಯ ಆನ್‌ರೋಡ್ ಬೆಲೆ’ ಎಂದು ಒತ್ತಿ ಹೇಳಿ. ಕರ್ನಾಟಕದ ತೆರಿಗೆ ಹಾಕಿದ ಪಟ್ಟಿ ಹಿಡಿದು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹೆಜ್ಜೆ 4: ಮನೆಯ ಏರಿನಲ್ಲಿ ಪರೀಕ್ಷಿಸಿ

ನಮ್ಮ ಕಡೆ ಅನೇಕ ಮನೆಗಳು ರಸ್ತೆಯಿಂದ ತಗ್ಗಿನಲ್ಲಿ, ತೋಟದ ನಡುವೆ ಇವೆ. ಗೇಟಿನಿಂದ ಅಂಗಳಕ್ಕೆ ಇಳಿಯುವ ಮುರಕಲ್ಲಿನ ದಾರಿ ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುತ್ತದೆ. ಪೆಟ್ರೋಲ್ ಕಾರಿನಲ್ಲಿ ಇಲ್ಲಿ ಮೈಲೇಜಿಗಿಂತ ಗೇರ್‌ಬಾಕ್ಸ್ ಮುಖ್ಯ. ಎಎಂಟಿ (ಸಾದಾ ಗೇರ್‌ಬಾಕ್ಸಿನ ಕ್ಲಚ್, ಗೇರನ್ನು ಯಂತ್ರವೇ ನೋಡಿಕೊಳ್ಳುವ ಬಗೆ) ಗೇರ್ ಬದಲಿಸುವಾಗ ಒಂದು ಕ್ಷಣ ಬಲ ಬಿಡುತ್ತದೆ, ಕಡಿದಾದ ಏರಿನಲ್ಲಿ ಹಿಂದಕ್ಕೆ ಸರಿದ ಅನುಭವವಾಗುತ್ತದೆ. ಒಣ ಕ್ಲಚ್‌ನ ಡಿಸಿಟಿಯನ್ನು (ಎರಡು ಕ್ಲಚ್ ಇರುವ ಆಟೊಮ್ಯಾಟಿಕ್) ಏರಿನಲ್ಲಿ ಇಂಚಿಂಚಾಗಿ ಸರಿಸಿದರೆ, ಅಥವಾ ಬ್ರೇಕ್ ಬದಲು ಆಕ್ಸಲರೇಟರ್ ಒತ್ತಿಯೇ ನಿಲ್ಲಿಸಿಕೊಂಡರೆ, ಕ್ಲಚ್ ಕಾದು ಎಚ್ಚರಿಕೆ ದೀಪ ಹತ್ತುತ್ತದೆ. ಕ್ಲಚ್ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಇಂಥ ದಾರಿಗೆ ಹೇಳಿಮಾಡಿಸಿದ್ದು.

ಸ್ಟ್ರಾಂಗ್ ಹೈಬ್ರಿಡ್‌ನ ಮೋಟಾರು ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುವುದರಿಂದ ಅಂಗಳದ ಏರು ಅದಕ್ಕೆ ಲೆಕ್ಕಕ್ಕಿಲ್ಲ. ಕಷ್ಟ ಇರುವುದು ಉದ್ದದ ಘಟ್ಟದಲ್ಲಿ. ಐದು ಜನ ತುಂಬಿದ ಕಾರನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಶಕ್ತಿ ಬೇಕು. 0.76 ಯೂನಿಟ್‌ನ ಬ್ಯಾಟರಿಯನ್ನು ಕಾರು ಪೂರ್ತಿ ಬರಿದಾಗಲು ಬಿಡುವುದೂ ಇಲ್ಲ. ಹಾಗಾಗಿ ಸಂಪಾಜೆ ಘಾಟಿಯಲ್ಲಿ ಏರತೊಡಗಿದ ಕೆಲವೇ ನಿಮಿಷಕ್ಕೆ ಬ್ಯಾಟರಿ ತಳ ಕಂಡು, ಮೂರು ಸಿಲಿಂಡರ್ ಎಂಜಿನ್ ಒಂದೇ ಸಮನೆ ಜೋರಾಗಿ ಸದ್ದು ಮಾಡುತ್ತದೆ. ಅದು ಕೆಟ್ಟದ್ದಲ್ಲ, ಯಂತ್ರದ ಸ್ವಭಾವ. ಇಳಿಯುವಾಗ ಕಾರನ್ನು ತಾನೇ ನಿಧಾನಿಸುವ ‘ಬಿ’ ಮೋಡ್ ಹಾಕಿ, ಬ್ರೇಕ್ ಅತಿಯಾಗಿ ಬಿಸಿಯಾಗದು.

ಹೆಜ್ಜೆ 5: ಪ್ಲಗ್ ಇರುವ ಕಾರಾದರೆ ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಬಿಲ್ಲು ತೆಗೆಯಿರಿ

ಪ್ಲಗ್-ಇನ್ ಕ್ರಾಸ್‌ಓವರ್ ಒಂದು ಯೂನಿಟ್‌ಗೆ ಸುಮಾರು 5 ಕಿ.ಮೀ. ಓಡುತ್ತದೆ. ದಿನಕ್ಕೆ 50 ಕಿ.ಮೀ., ತಿಂಗಳಿಗೆ 25 ದಿನ ಎಂದರೆ 250 ಯೂನಿಟ್. ಚಾರ್ಜಿಂಗ್‌ನಲ್ಲಿ ಸೋರುವ ಶೇ 10–15 ಬೇರೆ.

ಎರಡು ತಿಂಗಳ ಬಿಲ್ಲನ್ನು ಅರ್ಧ ಮಾಡಿ ನಿಮ್ಮ ಮಾಸಿಕ ಬಳಕೆ ನೋಡಿ. ಕೇರಳದಲ್ಲಿ ಮನೆಬಳಕೆ ತಿಂಗಳಿಗೆ 250 ಯೂನಿಟ್ ದಾಟಿದರೆ ಹಂತಹಂತದ ದರ ಹೋಗಿ, ಮೊದಲ ಯೂನಿಟ್‌ನಿಂದಲೇ ಒಂದೇ ದುಬಾರಿ ದರ ಬೀಳುತ್ತದೆ. 180 ಯೂನಿಟ್‌ನ ಮನೆಗೆ ಕಾರಿನ ಯೂನಿಟ್ ಸೇರಿದಾಗ ಫ್ಯಾನು, ಫ್ರಿಜ್ಜಿನ ಕರೆಂಟೂ ತುಟ್ಟಿಯಾಗುತ್ತದೆ. ಆ ಏರಿಕೆಯನ್ನೂ ಕಾರಿನ ಖಾತೆಗೇ ಹಾಕಿ. ಹಾಗೆ ಹಾಕಿದರೂ ಪೆಟ್ರೋಲಿಗಿಂತ ಅಗ್ಗವೇ, ಆದರೆ ಮಾರುವವರು ಹೇಳಿದಷ್ಟಲ್ಲ. ಸಂಜೆ 6ರಿಂದ 10ರ ಪೀಕ್ ಹೊತ್ತು ಬಿಟ್ಟು ಚಾರ್ಜಿಗೆ ಹಾಕಿ. ಮಾಡಿನ ಮೇಲೆ ಸೋಲಾರ್ ಇದ್ದವರ ಲೆಕ್ಕ ಪೂರಾ ಬೇರೆ.

ಹಳೆ ಮನೆಯ 15 ಆಂಪ್ ಸಾಕೆಟ್‌ಗೆ ನೇರ ಸಿಕ್ಕಿಸಬೇಡಿ. ಮಿಕ್ಸಿ ಐದು ನಿಮಿಷ ಓಡುತ್ತದೆ, ಕಾರು ಏಳೆಂಟು ಗಂಟೆ ಎಳೆಯುತ್ತದೆ. ತೆಳು ತಂತಿ, ಸಡಿಲ ಸ್ಕ್ರೂ ಇದ್ದಲ್ಲಿ ಸಾಕೆಟ್ ಕಪ್ಪಾಗಿ ಕರಗುತ್ತದೆ. ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕವಾಗಿ 4 ಚದರ ಮಿ.ಮೀ. ತಾಮ್ರದ ತಂತಿ, 20 ಆಂಪ್ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್), 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್) ಹಾಕಿಸಿ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಅರ್ತ್ ಗುಂಡಿಗೆ ನೀರು ಹಾಕುತ್ತಿರಿ. ಮನೆಯ ಒಟ್ಟು ಲೋಡ್ 5 ಕಿಲೋವ್ಯಾಟ್ ದಾಟುವುದಾದರೆ ತ್ರಿಫೇಸ್ ಬೇಕಾಗುತ್ತದೆ.

ರಾತ್ರಿ ನಿತ್ಯ ಪ್ಲಗ್ ಹಾಕುವ ಅಭ್ಯಾಸವಿಲ್ಲದವರಿಗೆ ಪ್ಲಗ್-ಇನ್ ಎಂದರೆ ಭಾರದ ಬ್ಯಾಟರಿ ಹೊತ್ತು ತಿರುಗುವ ಪೆಟ್ರೋಲ್ ಕಾರು, ಅಷ್ಟೇ.

ಕೊಂಡ ಮೇಲೆ ಎಡವುವ ಕಡೆ

ಮನೆಯವರು ಗಲ್ಫ್‌ನಲ್ಲಿದ್ದು ಕಾರು ಶೆಡ್ಡಿನಲ್ಲೇ ನಿಲ್ಲುವುದಾದರೆ ಪೆಟ್ರೋಲ್ ಕಾರೇ ಸಲೀಸು. ಹೈಬ್ರಿಡ್‌ನಲ್ಲೂ ಒಂದು ಸಾಮಾನ್ಯ 12 ವೋಲ್ಟ್ ಬ್ಯಾಟರಿ ಇದೆ. ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ‘ರೆಡಿ’ ಆಗುವುದಿಲ್ಲ. ವಾರ ಹದಿನೈದು ದಿನಕ್ಕೊಮ್ಮೆ ಯಾರಾದರೂ ಅರ್ಧ ಗಂಟೆ ಓಡಿಸುವ ಏರ್ಪಾಡು ಇರಲಿ. ಬರೀ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡಿದರೆ ಸಾಲದು.

ಬ್ಯಾಟರಿ ತಂಪಾಗಿಸಲು ಹಿಂದಿನ ಸೀಟಿನ ಬಳಿ ಗಾಳಿ ಎಳೆಯುವ ಕಿಂಡಿ ಇರುತ್ತದೆ. ಅದರ ಮೇಲೆ ಚೀಲ, ಬೆಡ್‌ಶೀಟ್ ಇಡಬೇಡಿ, ಪ್ರತಿ ಸರ್ವೀಸಿನಲ್ಲಿ ಫಿಲ್ಟರ್ ತೆಗೆಸಿ ಧೂಳು ಕೊಡವಿಸಿ. ಬ್ಯಾಟರಿ ಬೇಗ ಹಾಳಾಗಲು ಮುಖ್ಯ ಕಾರಣವೇ ಈ ಬಿಸಿ.

ತೋಟದ ಮನೆಗಳಲ್ಲಿ ಇಲಿ ತಂತಿ ಕಡಿಯುವುದು ಹೊಸತಲ್ಲ. ಆದರೆ ಹೈಬ್ರಿಡ್‌ನ ಕಿತ್ತಳೆ ಬಣ್ಣದ ತಂತಿಯನ್ನು ಊರ ಗ್ಯಾರೇಜಿನವರು ಮುಟ್ಟಬಾರದು, ಅದರಲ್ಲಿ ಹರಿಯುವುದು ಜೀವ ತೆಗೆಯುವಷ್ಟು ವೋಲ್ಟೇಜು. ವಿಮೆ ಮಾಡಿಸುವಾಗ ನೀರು ನುಗ್ಗಿದರೆ ಎಂಜಿನ್ ಮತ್ತು ಹೈಬ್ರಿಡ್ ಬ್ಯಾಟರಿ ಎರಡಕ್ಕೂ ರಕ್ಷಣೆ ಇದೆಯೇ ಎಂದು ಬರಹದಲ್ಲಿ ಕೇಳಿ.

ಟೆಸ್ಟ್ ಡ್ರೈವ್

ಶೋರೂಮಿನ ಎದುರಿನ ರಸ್ತೆಯಲ್ಲಿ ಎರಡು ಸುತ್ತು ಸಾಲದು. ನಾಲ್ಕು ಜನ ಕುಳಿತು, ಎಸಿ ಹಾಕಿ, ಕನಿಷ್ಠ 20 ಕಿ.ಮೀ. ನಿಮ್ಮ ದಾರಿಯಂಥ ದಾರಿಯಲ್ಲೇ ಓಡಿಸಿ. ಎಷ್ಟು ಹೊತ್ತು ಎಂಜಿನ್ ನಿಂತಿತ್ತು ಎಂಬುದನ್ನು ಪರದೆಯಲ್ಲಿ ನೋಡಿ. ಅದು ಅರ್ಧದಷ್ಟೂ ಇಲ್ಲದಿದ್ದರೆ ಮೇಲಿನ 22ರ ಬದಲು 18.5ರ ಲೆಕ್ಕ ನಿಮ್ಮದು. ವಾಪಸ್ ಬಂದ ಮೇಲೆ ಡಿಕ್ಕಿ ತೆರೆಸಿ. ಬ್ಯಾಟರಿ ಕುಳಿತ ಜಾಗದಿಂದಾಗಿ ಹೈಬ್ರಿಡ್‌ನ ಡಿಕ್ಕಿ ಅದೇ ಮಾದರಿಯ ಪೆಟ್ರೋಲಿಗಿಂತ ಚಿಕ್ಕದು. ಮಂಗಳೂರು ಅಥವಾ ಕಣ್ಣೂರು ವಿಮಾನ ನಿಲ್ದಾಣಕ್ಕೆ ಒಯ್ಯುವ ದೊಡ್ಡ ಸೂಟ್‌ಕೇಸ್ ಎರಡನ್ನು ಮನೆಯಿಂದಲೇ ಕೊಂಡುಹೋಗಿ, ಮಲಗಿಸಿಟ್ಟು, ಬಾಗಿಲು ಮುಚ್ಚಿ ನೋಡಿ. ಅಡ್ವಾನ್ಸ್ ಕೊಡುವುದು ಅದಾದ ಮೇಲೆ.