ಎಫ್‌ಐಆರ್ ಪ್ರತಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು

ಠಾಣೆಯಿಂದ ಎಫ್‌ಐಆರ್ ಪ್ರತಿ ಸಿಕ್ಕ ಕೂಡಲೇ ಹೆಚ್ಚಿನವರು ಘಟನೆಯ ವಿವರವನ್ನು ಓದತೊಡಗುತ್ತಾರೆ. ಮೊದಲು ನೋಡಬೇಕಾದದ್ದು ಕಲಂಗಳನ್ನು, ಏಕೆಂದರೆ ಆ ಪ್ರಕರಣದಲ್ಲಿ ಪೊಲೀಸರ ಅಧಿಕಾರ ಎಷ್ಟೆಂಬುದು ನಿಂತಿರುವುದು ಅವುಗಳ ಮೇಲೆಯೇ. ಕೃತ್ಯ ನಡೆದದ್ದು 2024ರ ಜುಲೈ 1ಕ್ಕೆ ಮೊದಲಾಗಿದ್ದರೆ ಹಳೆಯ ಭಾರತೀಯ ದಂಡ ಸಂಹಿತೆಯ ಕಲಂಗಳೂ, ಅಂದು ಅಥವಾ ಅನಂತರವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂಗಳೂ ಅಲ್ಲಿರುತ್ತವೆ.

ಜಗಳದ ಪ್ರಕರಣಗಳಲ್ಲಿ ಪದೇ ಪದೇ ಕಾಣುವ ಒಕ್ಕಣೆಯನ್ನೇ ತೆಗೆದುಕೊಳ್ಳಿ: ‘ಅಡ್ಡಗಟ್ಟಿ, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಬೆದರಿಕೆ ಹಾಕಿರುತ್ತಾರೆ.’ ಇದಕ್ಕೆ ಕ್ರಮವಾಗಿ ನ್ಯಾಯ ಸಂಹಿತೆಯ 126(2), 352, 115(2), 351(2) ಕಲಂಗಳು. ತನಿಖೆ, ಬಂಧನಗಳ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿಯಂತೆ ಬೈಗುಳ, ಹೊಡೆತ, ಬೆದರಿಕೆ ಮೂರೂ ಅಸಂಜ್ಞೇಯ ಅಪರಾಧಗಳಾದ್ದರಿಂದ, ಅವಷ್ಟೇ ಇದ್ದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಅಡ್ಡಗಟ್ಟಿದ್ದಕ್ಕೆ ಇರುವ ಶಿಕ್ಷೆ ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ, 5000 ರೂಪಾಯಿ ದಂಡ ಅಥವಾ ಎರಡೂ; ಆದರೂ ಅದು ಸಂಜ್ಞೇಯ, ಅಂದರೆ ಅಂಥ ಆದೇಶಕ್ಕೆ ಕಾಯದೆ ಪೊಲೀಸರೇ ತನಿಖೆ ನಡೆಸಬಹುದಾದ ಅಪರಾಧ. ಒಂದು ಸಂಜ್ಞೇಯ ಕಲಂ ಸೇರಿದರೂ ಇಡೀ ಪ್ರಕರಣ ಸಂಜ್ಞೇಯವಾಗುವುದರಿಂದ, ಎಲ್ಲಕ್ಕಿಂತ ಹಗುರವಾದ ಆರೋಪವೇ ತನಿಖೆಯ ಬಾಗಿಲು ತೆರೆಯುತ್ತದೆ. ನಿಮ್ಮನ್ನು ನಿಜವಾಗಿಯೂ ತಡೆದಿದ್ದರೆ, ಎಲ್ಲಿ, ಹೇಗೆ ತಡೆದರೆಂಬುದನ್ನು ದೂರಿನಲ್ಲಿ ಬಿಡದೆ ಬರೆಯಿರಿ. ತಡೆದಿಲ್ಲವಾದರೆ ಸೇರಿಸಬೇಡಿ.

ಸಂಜ್ಞೇಯವೆಂದ ಮಾತ್ರಕ್ಕೆ ಬಂಧನ ಖಚಿತವಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯವೆಂದು ತನಿಖಾಧಿಕಾರಿ ಬರೆದಿಡಬೇಕು; ಅಗತ್ಯವಿಲ್ಲದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 35(3)ರಡಿ ಹಾಜರಾಗುವಂತೆ ನೋಟಿಸ್ ಕೊಡಬೇಕು. ಬಂಧಿಸಿದರೆ, ಪ್ರಯಾಣದ ಅವಧಿ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಎದುರಿಗಿರುವವರ ದರ್ಜೆಯನ್ನು ಹೆಗಲ ಮೇಲೆ ಓದಬಹುದು. ಒಂದು ನಕ್ಷತ್ರ ಎಎಸ್‌ಐ, ಎರಡು ಪಿಎಸ್‌ಐ. ಗೊಂದಲವಿರುವುದು ಮೂರರಲ್ಲಿ: ಮೂರು ನಕ್ಷತ್ರಗಳ ಜೊತೆಗೆ ಕೆಂಪು-ನೀಲಿ ಪಟ್ಟಿ ಇದ್ದರೆ ಇನ್‌ಸ್ಪೆಕ್ಟರ್, ಪಟ್ಟಿ ಇಲ್ಲದಿದ್ದರೆ ಡಿವೈಎಸ್‌ಪಿ. ಈ ವ್ಯತ್ಯಾಸ ಬರಿಯ ಅಲಂಕಾರವಲ್ಲ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಆರೋಪದಲ್ಲಿ, 60 ವರ್ಷ ದಾಟಿದವರನ್ನು ಅಥವಾ ಅಶಕ್ತರನ್ನು ಬಂಧಿಸಲು ಡಿವೈಎಸ್‌ಪಿಗಿಂತ ಕೆಳಗಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು.

ಸಂಜ್ಞೇಯ ಅಪರಾಧವಿದ್ದೂ ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳದಿದ್ದರೆ, ಅದರ ಸಾರಾಂಶವನ್ನು ಅಂಚೆಯ ಮೂಲಕ ಎಸ್‌ಪಿಯವರಿಗೆ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ದೂರುದಾರರಿಗೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಅದನ್ನು ಜೋಪಾನವಾಗಿಡಿ, ಏಕೆಂದರೆ ತನಿಖೆಯ ಬಳಿಕ ಆರೋಪಪಟ್ಟಿಯಲ್ಲಿ ಕಲಂಗಳು ಸೇರಬಹುದು, ಬಿಟ್ಟುಹೋಗಲೂಬಹುದು. ಆಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.